ನವೆಂಬರ್ ಕೊನೆಯ ವಾರ, ಸ್ಕಾಟ್ಲೆಂಡಿನ ಹೈಲ್ಯಾಂಡ್ಸ್: ಹವೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಓದಲು, ಕೆಲಸಕ್ಕೆ ಅಥವಾ ಸುಮ್ನೆ ತಿರುಗಾಡಲು ಉತ್ತರ ಸ್ಕಾಟ್ಲೆಂಡಿಗೆ ಹೋಗುವವರು ಕೇಳುವ ಪ್ರಶ್ನೆಗಳು ಇವು. ಹೆಚ್ಚಿನವರು ಮೊದಲು ನೋಡುವುದು ಮೊಬೈಲಿನಲ್ಲಿ ಕಾಣುವ ಡಿಗ್ರಿ. ನನ್ನನ್ನು ಕೇಳಿದರೆ ಅದಕ್ಕಿಂತ ಮೊದಲು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಅಂತ ನೋಡಿ. ಕೆಳಗಿನ ಅರ್ಧಕ್ಕರ್ಧ ಉತ್ತರಗಳು ಅಲ್ಲಿಗೇ ಬಂದು ನಿಲ್ಲುತ್ತವೆ.

ಆ ವಾರ ಹವೆ ಹೇಗಿರುತ್ತದೆ? ಒಂದೇ ಮಾತಿನಲ್ಲಿ ಹೇಳಿ.

ಆಗಲ್ಲ. ಒಂದೇ ವಾರದಲ್ಲಿ 12 ಡಿಗ್ರಿಯ ಸೋನೆ ಮಳೆ, ಮರ ಉರುಳಿಸುವ ಗಾಳಿ, ಆಲಿಕಲ್ಲು, ಬೆಟ್ಟದ ಮೇಲೆ ಹಿಮ, ಕಣಿವೆಯಲ್ಲಿ ಸೊನ್ನೆಗಿಂತ ಕೆಳಗಿನ ರಾತ್ರಿ ಎಲ್ಲವೂ ಬಂದು ಹೋಗಬಹುದು. ಆದರೆ ಇವು ಮನಸ್ಸಿಗೆ ಬಂದ ಹಾಗೆ ಬರುವುದಿಲ್ಲ. ಬಹಳ ಸಲ ಒಂದರ ಹಿಂದೆ ಒಂದು, ಒಂದು ಕ್ರಮದಲ್ಲಿ ಬರುತ್ತವೆ.

ಆ ಕ್ರಮ ಯಾವುದು? ಒಂದು ವಾರ ಹೇಗೆ ಸಾಗುತ್ತದೆ?

ಅಟ್ಲಾಂಟಿಕ್ ಮೇಲೆ ಒಂದು ವಾಯುಭಾರ ಕುಸಿತ ಹುಟ್ಟಿ ಸ್ಕಾಟ್ಲೆಂಡಿನ ಕಡೆ ಹೊರಟಿದೆ ಅಂದುಕೊಳ್ಳಿ. ಸೋಮವಾರ ಆಕಾಶ ಪರವಾಗಿಲ್ಲ ಅನ್ನುವಂತೆ ಇರುತ್ತದೆ. ಎತ್ತರದಲ್ಲಿ ತೆಳ್ಳನೆಯ ಎಳೆಎಳೆ ಮೋಡ. ಸಂಜೆಗೆ ಅದು ಹಾಲಿನ ಪರದೆಯಂತಾಗಿ ಚಂದ್ರನ ಸುತ್ತ ದೊಡ್ಡ ಉಂಗುರ ಮೂಡಿದರೆ, ಆ ಮೋಡದಲ್ಲಿ ಹಿಮದ ಹರಳುಗಳಿವೆ ಎಂದರ್ಥ. ಅಷ್ಟರಲ್ಲಿ ಗಾಳಿ ಆಗ್ನೇಯಕ್ಕೆ ತಿರುಗಿದ್ದರೆ (ಅಂದರೆ ಆಗ್ನೇಯದ ಕಡೆಯಿಂದ ಬೀಸತೊಡಗಿದ್ದರೆ, ಮುಂದೆಲ್ಲ ಇದೇ ಅರ್ಥ) ಮಾರನೇ ದಿನ ಮಳೆಯಂತೂ ಬಹುತೇಕ ಖಾತ್ರಿ.

ಮಂಗಳವಾರ ಬೆಚ್ಚಗಿನ ಗಾಳಿಯ ಮುಂಭಾಗ, ಅಂದರೆ ಹವಾ ನಕ್ಷೆಯಲ್ಲಿ ಕೆಂಪು ಅರ್ಧವೃತ್ತಗಳಿರುವ ಗೆರೆ, ಬಂದು ತಲುಪುತ್ತದೆ. ಮಳೆ ಒಂದೇ ಸಮನೆ ಸುರಿಯುತ್ತದೆ. ಗಂಟೆಗಟ್ಟಲೆ. ಕಣಿವೆಯಲ್ಲಿ ಹಳೆಯ ಚಳಿ ಇನ್ನೂ ಕೂತಿದ್ದರೆ ಮೊದಲು ಹಿಮ, ಆಮೇಲೆ ಹಿಮ ಬೆರೆತ ಮಳೆ, ಆಮೇಲೆ ಬರೀ ಮಳೆ. ಗೆರೆ ದಾಟಿ ಹೋದ ಮೇಲೆ ಗಾಳಿ ನೈಋತ್ಯಕ್ಕೆ ತಿರುಗುತ್ತದೆ, ಮೈಗೆ ಸ್ವಲ್ಪ ಹಿತವೆನಿಸುತ್ತದೆ. ಬುಧವಾರ ಬೆಳಗ್ಗೆ ನವೆಂಬರೋ ಸೆಪ್ಟೆಂಬರೋ ಗೊತ್ತಾಗದ ಹಾಗಿರುತ್ತದೆ. ಮೋಡ ಕೆಳಕ್ಕೆ ಇಳಿದಿರುತ್ತದೆ, ಬೆಟ್ಟದ ತಲೆ ಕಾಣುವುದಿಲ್ಲ, ಎಲ್ಲವೂ ಒದ್ದೆ.

ಆಮೇಲೆ ತಣ್ಣನೆಯ ಗಾಳಿಯ ಮುಂಭಾಗ. ನಕ್ಷೆಯಲ್ಲಿ ನೀಲಿ ತ್ರಿಕೋನಗಳ ಗೆರೆ. ಇದು ಮೊದಲಿನದರ ಹಾಗೆ ನಿಧಾನಿ ಅಲ್ಲ. ಹತ್ತಿಪ್ಪತ್ತು ನಿಮಿಷ ಜೋರು ಮಳೆ, ಗಾಳಿ ಒಮ್ಮೆಗೇ ವಾಯವ್ಯಕ್ಕೆ ತಿರುಗಿ ಬಡಿಯುತ್ತದೆ, ತಾಪಮಾನ ಕಣ್ಣೆದುರೇ ನಾಲ್ಕೈದು ಡಿಗ್ರಿ ಇಳಿಯುತ್ತದೆ. ಪಶ್ಚಿಮದ ಆಕಾಶದಲ್ಲಿ ನೀಲಿ ಪಟ್ಟಿ ತೆರೆದುಕೊಳ್ಳುತ್ತದೆ. ಹೊಸಬರು ಇಲ್ಲೇ ಮೋಸಹೋಗುವುದು. ಮಳೆ ಮುಗಿಯಿತು ಅಂದುಕೊಂಡು ಜಾಕೆಟ್ ಕಾರಿನಲ್ಲಿ ಬಿಟ್ಟು ಹೊರಡುತ್ತಾರೆ.

ಗುರುವಾರ ಬಿಟ್ಟುಬಿಟ್ಟು ಬರುವ ಸುರಿತಗಳ ದಿನ. ಉತ್ತರದ ತಣ್ಣನೆಯ ಗಾಳಿ ಸುಮಾರು 10 ಡಿಗ್ರಿಯ ಕಡಲಿನ ಮೇಲೆ ಹಾದು ಬರುವಾಗ ಕೆಳಗಿನಿಂದ ಬಿಸಿಯಾಗಿ ಮೇಲೇಳುತ್ತದೆ, ಮೋಡ ಗೋಪುರದಂತೆ ಬೆಳೆಯುತ್ತದೆ. ಕಡಲ ಮೇಲೆ ಕಪ್ಪು ಪರದೆಯೊಂದು ಹತ್ತಿರ ಬರುವುದು ಕಣ್ಣಿಗೇ ಕಾಣುತ್ತದೆ. ಮೊದಲು ಗಾಳಿ ತಣ್ಣಗಾಗುತ್ತದೆ, ಆಮೇಲೆ ಬಿಳಿಯ ಮೆತ್ತನೆಯ ಕಾಳುಗಳು ಜಾಕೆಟ್ ಮೇಲೆ ಪಟಪಟ ಬಿದ್ದು ಪುಟಿಯುತ್ತವೆ. ನೋಡಲು ಸಬ್ಬಕ್ಕಿ ಚೆಲ್ಲಿದ ಹಾಗೆ. ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಇದು ಗಟ್ಟಿ ಆಲಿಕಲ್ಲಲ್ಲ, ಹಿಮದ ಹರಳಿಗೆ ಅತಿ ತಣ್ಣಗಿನ ನೀರಹನಿಗಳು ಅಂಟಿ ಆದದ್ದು. ಕಾಲು ಗಂಟೆಯಲ್ಲಿ ಎಲ್ಲ ಮುಗಿದು ಬಿಸಿಲು. ಅರ್ಧ ಗಂಟೆಗೆ ಮತ್ತೆ ಅದೇ. ಇಂಥ ದಿನ ಕಾಮನಬಿಲ್ಲಿಗೆ ಬರವಿಲ್ಲ. ಸೂರ್ಯ ದಿಗಂತದಿಂದ 42 ಡಿಗ್ರಿ ಕೋನಕ್ಕಿಂತ ಕೆಳಗಿದ್ದರೆ ಮಾತ್ರ ನೆಲದ ಮೇಲೆ ನಿಂತವರಿಗೆ ಮುಖ್ಯ ಕಾಮನಬಿಲ್ಲು ಕಾಣುತ್ತದೆ. ಇಲ್ಲಿ ಈ ಸಮಯದಲ್ಲಿ ನಡುಮಧ್ಯಾಹ್ನವೇ ಸೂರ್ಯ 12 ಡಿಗ್ರಿ ದಾಟುವುದಿಲ್ಲ. ಹಾಗಾಗಿ ದಿನವಿಡೀ ಕಾಣುವ ಅವಕಾಶವಿದೆ.

ಶುಕ್ರವಾರ ವಾಯುಭಾರ ಏರುತ್ತದೆ, ಗಾಳಿ ಬೀಳುತ್ತದೆ, ಆಕಾಶ ಬರಿದಾಗುತ್ತದೆ. ರಾತ್ರಿ ನೆಲದ ಬಿಸಿಯೆಲ್ಲ ಮೇಲಕ್ಕೆ ಹೋಗಿ ಕಣಿವೆಗಳಲ್ಲಿ ನೀರು ಹೆಪ್ಪುಗಟ್ಟುತ್ತದೆ. ಶನಿವಾರ ಬೆಳಗ್ಗೆ ಹುಲ್ಲು ಬಿಳಿ, ಕಾರಿನ ಗಾಜು ಬಿಳಿ, ಕಣಿವೆಯ ತಳದಲ್ಲಿ ಮಂಜು. ಗಾಳಿ ಮತ್ತೆ ಆಗ್ನೇಯದಿಂದ ಸಣ್ಣಗೆ ಶುರುವಾದರೆ ಮುಂದಿನದು ಹೊರಟಿದೆ ಅಂತ ಲೆಕ್ಕ.

ಎಲ್ಲ ವಾರವೂ ಹೀಗೇ ಇರುತ್ತದೆ ಅಂತಲ್ಲ. ಕೆಲವೊಮ್ಮೆ ಎರಡು ಕುಸಿತಗಳು ಬೆನ್ನುಬೆನ್ನಿಗೆ ಬಂದು ನಡುವಿನ ಒಳ್ಳೆಯ ದಿನವನ್ನೇ ನುಂಗಿಬಿಡುತ್ತವೆ. ಕೆಲವೊಮ್ಮೆ ಹೆಚ್ಚಿನ ವಾಯುಭಾರ ಬಂದು ಕೂತು ವಾರವಿಡೀ ಚಳಿ, ಮಂಜು, ಮೌನ.

ಇಷ್ಟು ಬೇಗ ಬೇಗ ಬದಲಾಗಲು ಕಾರಣ?

ಉತ್ತರ ಧ್ರುವದ ಕಡೆಯ ತಣ್ಣನೆ ಗಾಳಿ ಮತ್ತು ದಕ್ಷಿಣದ ಬೆಚ್ಚನೆ ಗಾಳಿ ಸೇರುವ ಗಡಿಯ ಮೇಲೆ, ಸುಮಾರು ಹತ್ತು ಕಿಲೋಮೀಟರ್ ಎತ್ತರದಲ್ಲಿ, ಜೆಟ್ ಸ್ಟ್ರೀಮ್ ಎಂಬ ವೇಗದ ಗಾಳಿಯ ಹೊಳೆ ಹರಿಯುತ್ತದೆ. ಶರತ್ಕಾಲದ ಕೊನೆಗೆ ಧ್ರುವದ ಕಡೆ ಕತ್ತಲು ಕವಿದು ಚಳಿ ಏರುತ್ತದೆ, ದಕ್ಷಿಣದ ಕಡಲು ಇನ್ನೂ ಬೇಸಿಗೆಯ ಬಿಸಿ ಹಿಡಿದುಕೊಂಡಿರುತ್ತದೆ. ಎರಡರ ನಡುವಿನ ವ್ಯತ್ಯಾಸ ಹೆಚ್ಚಾದಷ್ಟೂ ಆ ಹೊಳೆ ಬಲಗೊಳ್ಳುತ್ತದೆ. ಕುಸಿತಗಳು ಅದರ ದಾರಿ ಹಿಡಿದೇ ಬರುತ್ತವೆ. ಸ್ಕಾಟ್ಲೆಂಡ್ ಆ ದಾರಿಯ ಬಾಯಲ್ಲೇ ಇದೆ.

ಇದಕ್ಕೊಂದು ಒಳ್ಳೆಯ ಮುಖವೂ ಇದೆ. ಹೈಲ್ಯಾಂಡ್ಸಿನ ಮುಖ್ಯ ಊರು ಇನ್ವರ್ನೆಸ್ 57.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಅಂದರೆ ಮಾಸ್ಕೋಗಿಂತ ಮೇಲೆ. ಅಟ್ಲಾಂಟಿಕ್ ಆಚೆ ಹೆಚ್ಚುಕಡಿಮೆ ಇದೇ ಅಕ್ಷಾಂಶದ ಲ್ಯಾಬ್ರಡಾರ್ ಕರಾವಳಿಯಲ್ಲಿ ಚಳಿಗಾಲಕ್ಕೆ ಕಡಲೇ ಹೆಪ್ಪುಗಟ್ಟುತ್ತದೆ. ಇಲ್ಲಿ ಹಾಗಾಗದಂತೆ ಕಾಯುವುದು ಬೆಚ್ಚನೆಯ ಸಾಗರಪ್ರವಾಹ ಮತ್ತು ಪಶ್ಚಿಮದ ಗಾಳಿ. ಒದ್ದೆಯಾಗುತ್ತೇವೆ ಅಂತ ಬೈದುಕೊಳ್ಳುವಾಗ ಇದನ್ನೂ ನೆನಪಿಡಿ.

ಪಶ್ಚಿಮದ ಫೋರ್ಟ್ ವಿಲಿಯಂ ಊರಿನಲ್ಲಿ ಜಡಿಮಳೆ, ಪೂರ್ವದ ಇನ್ವರ್ನೆಸ್‌ನಲ್ಲಿ ಬಿಸಿಲು. ನೂರು ಕಿಲೋಮೀಟರಿಗೆ ಇಷ್ಟು ವ್ಯತ್ಯಾಸವಾ?

ಹೌದು, ಗಾಳಿ ಪಶ್ಚಿಮದಿಂದ ಇದ್ದಾಗ. ಕಡಲಿನಿಂದ ಬಂದ ಒದ್ದೆ ಗಾಳಿ ಪಶ್ಚಿಮದ ಬೆಟ್ಟ ಹತ್ತುವಾಗಲೇ ಹೆಚ್ಚಿನ ನೀರು ಸುರಿಸಿಬಿಡುತ್ತದೆ. ಅಲ್ಲಿನ ಕೆಲವು ಬೆಟ್ಟಗಳಲ್ಲಿ ವರ್ಷಕ್ಕೆ 3000 ಮಿ.ಮೀ. ದಾಟಿ ಮಳೆಯಾಗುತ್ತದೆ, ಪೂರ್ವದ ಮೊರೇ ಫರ್ತ್ ಕರಾವಳಿಯ ಕೆಲವೆಡೆ 700 ಮಿ.ಮೀ. ಕೂಡ ಆಗುವುದಿಲ್ಲ. ಬೆಟ್ಟ ಇಳಿದ ಗಾಳಿ ಒಣಗಿರುತ್ತದೆ, ಬಿಸಿಯೂ ಆಗಿರುತ್ತದೆ. ಈ ಕಾರಣಕ್ಕೇ ನಡು ಚಳಿಗಾಲದಲ್ಲೂ ವಿಚಿತ್ರ ಬೆಚ್ಚನೆಯ ದಿನ ಬರುತ್ತದೆ. 2019ರ ಡಿಸೆಂಬರ್ 28ರಂದು ಉತ್ತರದ ಸದರ್ಲೆಂಡ್ ಪ್ರದೇಶದ ಆಖ್ಫರಿಯಲ್ಲಿ 18.7 ಡಿಗ್ರಿ ದಾಖಲಾಯಿತು.

ಆದರೆ ಗಾಳಿ ಪೂರ್ವಕ್ಕೆ ತಿರುಗಿದರೆ ಲೆಕ್ಕವೇ ಉಲ್ಟಾ. 2023ರ ಅಕ್ಟೋಬರಿನಲ್ಲಿ ಬಾಬೆಟ್ ಚಂಡಮಾರುತ ಬಂದಾಗ ಗಾಳಿ ಉತ್ತರ ಸಮುದ್ರದ ಕಡೆಯಿಂದ ಬೀಸಿ, ಸಾಮಾನ್ಯವಾಗಿ ಒಣಗಿರುವ ಪೂರ್ವ ಭಾಗವೇ ಮುಳುಗಿತು. ಬ್ರೀಕಿನ್ ಪಟ್ಟಣದಲ್ಲಿ ಹೊಳೆ ದಂಡೆ ಮೀರಿ ಮನೆಗಳಿಗೆ ನುಗ್ಗಿತು. ಹಾಗಾಗಿ ‘ಪೂರ್ವ ಅಂದರೆ ಸೇಫ್’ ಅನ್ನುವ ಮಾತನ್ನು ಗಾಳಿಯ ದಿಕ್ಕು ನೋಡಿಯೇ ನಂಬಿ.

ಗಾಳಿಯ ದಿಕ್ಕು ನೋಡಿ ಕುಸಿತ ಎಲ್ಲಿದೆ ಅಂತ ಹೇಳಬಹುದಾ?

ಸುಮಾರಾಗಿ ಹೇಳಬಹುದು. ಗಾಳಿಗೆ ಬೆನ್ನು ಮಾಡಿ ನಿಲ್ಲಿ. ಉತ್ತರ ಗೋಳಾರ್ಧದಲ್ಲಿ ಕಡಿಮೆ ವಾಯುಭಾರ ನಿಮ್ಮ ಎಡಗಡೆಗೆ ಇರುತ್ತದೆ. ಕಣಿವೆಯೊಳಗೆ ಗಾಳಿ ಬೆಟ್ಟದ ಸಂದಿಯಲ್ಲಿ ತಿರುಗುವುದರಿಂದ ಈ ಉಪಾಯ ಕೈಕೊಡುತ್ತದೆ. ಬಯಲಿನಲ್ಲಿ ನಿಂತು ನೋಡಿ, ಇಲ್ಲವಾದರೆ ಮೋಡ ಯಾವ ಕಡೆ ಓಡುತ್ತಿದೆ ಎಂದು ಗಮನಿಸಿ.

ಬೆಳಕು ಎಷ್ಟು ಹೊತ್ತು ಇರುತ್ತದೆ?

ಇನ್ವರ್ನೆಸ್‌ನಲ್ಲಿ ಬೆಳಗ್ಗೆ 8:20ರ ಸುಮಾರಿಗೆ ಸೂರ್ಯ ಹುಟ್ಟಿ ಮಧ್ಯಾಹ್ನ 3:40ರ ಸುಮಾರಿಗೆ ಮುಳುಗುತ್ತಾನೆ. ಏಳು ಗಂಟೆ ಚಿಲ್ಲರೆ ಅಷ್ಟೇ. ಮೋಡ ಕವಿದ ದಿನ ಮೂರು ಗಂಟೆಗೇ ದೀಪ ಬೇಕು. ಆಳ ಕಣಿವೆಗಳಲ್ಲಿ ಸೂರ್ಯ ಬೆಟ್ಟದ ಅಂಚು ದಾಟಿ ಮೇಲೆ ಬರುವುದೇ ಇಲ್ಲ, ದಿನಪೂರ್ತಿ ನೆರಳು. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗಿರುತ್ತದೆ. ಭಾರತಕ್ಕೂ ಇಲ್ಲಿಗೂ ಆಗ ಐದೂವರೆ ಗಂಟೆ ವ್ಯತ್ಯಾಸ. ಮನೆಗೆ ಫೋನ್ ಮಾಡುವವರು ಗಮನಿಸಿ.

ಮೊಬೈಲ್ 3 ಡಿಗ್ರಿ ಅನ್ನುತ್ತದೆ. ಮತ್ತೆ ಇಷ್ಟು ಚಳಿ ಯಾಕೆ?

ಗಾಳಿ ನಿಮ್ಮ ಮೈಸುತ್ತಲಿನ ಬಿಸಿಯನ್ನು ಹೊತ್ತೊಯ್ಯುತ್ತದೆ. 3 ಡಿಗ್ರಿ ಇರುವಾಗ ಗಂಟೆಗೆ 50 ಕಿಲೋಮೀಟರ್ ಗಾಳಿ ಬೀಸಿದರೆ ಬರಿಯ ಚರ್ಮಕ್ಕೆ ಮೈನಸ್ 4ರಷ್ಟು ಅನಿಸುತ್ತದೆ. ಬಟ್ಟೆ ಒದ್ದೆಯಾಗಿದ್ದರೆ ಇನ್ನೂ ಕಷ್ಟ. ಮೈನಸ್ 5ರ ಒಣ, ಗಾಳಿಯಿಲ್ಲದ ಬೆಳಗಿಗಿಂತ 3 ಡಿಗ್ರಿಯ ಗಾಳಿಮಳೆಯೇ ಜಾಸ್ತಿ ಹಿಂಸೆ, ಜಾಸ್ತಿ ಅಪಾಯ.

ಹಿಮ ಬೀಳುತ್ತದಾ?

ಬೆಟ್ಟದ ಮೇಲೆ ಬಹುತೇಕ ಹೌದು. ಊರಿನಲ್ಲಿ ಬೀಳಬಹುದು, ಆದರೆ ನಿಲ್ಲುವುದು ಅಪರೂಪ. ಎತ್ತರ ಹೆಚ್ಚಿದ ಹಾಗೆ ಸುಮಾರು 150 ಮೀಟರಿಗೆ ಒಂದು ಡಿಗ್ರಿ ಇಳಿಯುತ್ತದೆ. ಕಡಲ ಮಟ್ಟದ ಫೋರ್ಟ್ ವಿಲಿಯಂನಲ್ಲಿ 8 ಡಿಗ್ರಿ ಇದ್ದರೆ 1345 ಮೀಟರಿನ ಬೆನ್ ನೆವಿಸ್ ತುದಿಯಲ್ಲಿ ಮೈನಸ್ 1 ಆಸುಪಾಸು. ಬೀಳುವ ಹಿಮ ಸೊನ್ನೆ ಡಿಗ್ರಿಯ ಎತ್ತರಕ್ಕಿಂತ ಇನ್ನೂ ಇನ್ನೂರು ಮುನ್ನೂರು ಮೀಟರ್ ಕೆಳಗೆ ಕರಗದೆ ಬರುತ್ತದೆ. ಆದ್ದರಿಂದ ಒಂದೇ ರಸ್ತೆಯಲ್ಲಿ ಕೆಳಗೆ ಮಳೆ, ಮೇಲೆ ಹಿಮ ಸಾಮಾನ್ಯ.

ಇದರ ಜೊತೆಗೇ ಬರುವ ತೊಂದರೆ: ಗುರುವಾರ ಬಿದ್ದ ಹಿಮದ ಮೇಲೆ ಮುಂದಿನ ವಾರದ ಬೆಚ್ಚನೆ ಮಳೆ ಸುರಿದರೆ ಎರಡರ ನೀರೂ ಒಟ್ಟಿಗೆ ಹೊಳೆಗೆ ಇಳಿಯುತ್ತದೆ. ಪ್ರವಾಹದ ಎಚ್ಚರಿಕೆ ಕೊಡುವುದು ಸೆಪಾ ಎಂಬ ಸ್ಕಾಟ್ಲೆಂಡಿನ ಪರಿಸರ ಸಂರಕ್ಷಣಾ ಸಂಸ್ಥೆ, ಹವಾಮಾನ ಇಲಾಖೆಯಲ್ಲ. ಎರಡನ್ನೂ ನೋಡಬೇಕು.

ಸ್ಕೀ ಮಾಡಬೇಕು ಅಂತ ನವೆಂಬರ್ ಕೊನೆಗೆ ಟಿಕೆಟ್ ತೆಗೆಯಬೇಡಿ. ಅಷ್ಟೇ ಹೇಳಬಲ್ಲೆ.

ಎಷ್ಟರ ಮಟ್ಟಿಗೆ ಚಳಿ ಇಳಿಯಬಹುದು?

ನವೆಂಬರ್ ಕೊನೆಗೆ ಕಣಿವೆಗಳಲ್ಲಿ ಮೈನಸ್ 5, ಮೈನಸ್ 8 ದೊಡ್ಡ ಸುದ್ದಿಯಲ್ಲ. ತಣ್ಣನೆ ಗಾಳಿ ಭಾರ, ಇಳಿಜಾರಿನಲ್ಲಿ ಜಾರಿ ಕಣಿವೆಯ ತಳದಲ್ಲಿ ನಿಲ್ಲುತ್ತದೆ. ಬ್ರಿಟನ್ನಿನ ಅತಿ ಚಳಿಯ ದಾಖಲೆ, ಮೈನಸ್ 27.2 ಡಿಗ್ರಿ, ಬಂದಿರುವುದೂ ಬೆಟ್ಟದ ತುದಿಯಲ್ಲಲ್ಲ, ಇಂಥ ತಗ್ಗುಗಳಲ್ಲೇ: ಬ್ರೇಮಾರ್‌ನಲ್ಲಿ 1895 ಮತ್ತು 1982ರಲ್ಲಿ, ಆಲ್ಟ್‌ನಹಾರಾದಲ್ಲಿ 1995ರಲ್ಲಿ. ಅಂಥ ಬೆಳಗ್ಗೆ ಬೆಟ್ಟ ಹತ್ತಿದರೆ ಮೇಲೆ ಬೆಚ್ಚಗಿದ್ದು, ಕಾಲಕೆಳಗೆ ಕಣಿವೆ ತುಂಬ ಮೋಡ ಕಾಣುವುದುಂಟು. ಇಡೀ ವಾರದಲ್ಲಿ ಇದೊಂದು ಸಿಕ್ಕರೆ ಉಳಿದ ಆರು ದಿನದ ಮಳೆ ಮಾಫಿ.

ಬಿರುಗಾಳಿಗೆ ಹೆಸರಿಡುವುದು, ಹಳದಿ-ಆಂಬರ್-ಕೆಂಪು ಎಚ್ಚರಿಕೆ, ಇದೆಲ್ಲ ಏನು?

ಬ್ರಿಟನ್ನಿನ ಹವಾಮಾನ ಇಲಾಖೆ ಮೆಟ್ ಆಫೀಸ್ ಮತ್ತು ಐರ್ಲೆಂಡಿನ ಇಲಾಖೆ ಸೇರಿ 2015ರಿಂದ ಹೆಸರಿಡುತ್ತಿವೆ. ಮೊದಲನೆಯದು ಆ ನವೆಂಬರಿನ ಅಬಿಗೇಲ್. 2019ರಲ್ಲಿ ನೆದರ್‌ಲೆಂಡ್ಸ್ ಸೇರಿಕೊಂಡಿತು. ಹೊಸ ಪಟ್ಟಿ ಪ್ರತಿ ಸೆಪ್ಟೆಂಬರಿನಲ್ಲಿ ಶುರು.

ಬಣ್ಣ ಬರೀ ಗಾಳಿಯ ವೇಗ ನೋಡಿ ಕೊಡುವುದಲ್ಲ. ಎಷ್ಟು ಹಾನಿ ಆಗಬಹುದು, ಆಗುವ ಸಾಧ್ಯತೆ ಎಷ್ಟು, ಎರಡನ್ನೂ ತೂಗಿ ಕೊಡುತ್ತಾರೆ. ಹಳದಿ ಅಂದರೆ ಓದಿ ನೋಡಿ. ಆಂಬರ್ ಅಂದರೆ ಪ್ರಯಾಣ ಮುಂದಕ್ಕೆ ಹಾಕಲು ಆಗುತ್ತದಾ ಯೋಚಿಸಿ. ಕೆಂಪು ಅಂದರೆ ಪ್ರಾಣಾಪಾಯ, ಮನೆಯಲ್ಲೇ ಇರಿ. ಹಳದಿ ವಾರಕ್ಕೊಮ್ಮೆ ಬರುತ್ತದೆ ಅಂತ ಜನ ಅದನ್ನು ಓದುವುದನ್ನೇ ಬಿಡುತ್ತಾರೆ. ಅದು ತಪ್ಪು. ಸಾಧ್ಯತೆ ಕಡಿಮೆ ಆದರೆ ಬಂದರೆ ಭಾರೀ ಹಾನಿ ಅನ್ನುವಂಥದ್ದಕ್ಕೂ ಹಳದಿಯನ್ನೇ ಕೊಡುತ್ತಾರೆ.

ಗಾಳಿಯ ದಿಕ್ಕಿನ ಮಾತು ಇಲ್ಲೂ ಬರುತ್ತದೆ. 2021ರ ನವೆಂಬರ್ 26ರ ಆರ್ವೆನ್ ಬಿರುಗಾಳಿ ಉತ್ತರ-ಈಶಾನ್ಯದಿಂದ ಬೀಸಿತು. ಸ್ಕಾಟ್ಲೆಂಡಿನ ಮರಗಳು ಪಶ್ಚಿಮದ ಗಾಳಿಗೆ ಒಗ್ಗಿ ಬೇರು ಬಿಟ್ಟಿರುತ್ತವೆ. ಒಗ್ಗದ ಕಡೆಯಿಂದ ಹೊಡೆತ ಬಿದ್ದಾಗ ಲಕ್ಷಾಂತರ ಮರ ಉರುಳಿದವು, ತಂತಿಗಳು ಹರಿದವು, ಕೆಲವು ಹಳ್ಳಿಗಳಿಗೆ ವಾರ ಕಳೆದರೂ ಕರೆಂಟ್ ಬಂದಿರಲಿಲ್ಲ. ಒಂದು ಟಾರ್ಚ್, ಚಾರ್ಜ್ ತುಂಬಿದ ಪವರ್ ಬ್ಯಾಂಕ್, ಬೇಯಿಸದೆ ತಿನ್ನುವಂಥ ಏನಾದರೂ ಮನೆಯಲ್ಲಿರಲಿ.

ಮುನ್ಸೂಚನೆಯನ್ನು ಎಷ್ಟು ದಿನದವರೆಗೆ ನಂಬಬಹುದು?

ಇಂದು, ನಾಳೆ: ಚೆನ್ನಾಗಿ ನಂಬಿ. ಮೂರು ನಾಲ್ಕು ದಿನ: ಬೆಚ್ಚಗೋ ತಣ್ಣಗೋ, ಗಾಳಿಯೋ ಶಾಂತವೋ ಎನ್ನುವಷ್ಟು ನಂಬಿ. ಅದರಾಚೆ ‘ಬುಧವಾರ ಮಧ್ಯಾಹ್ನ 2 ಗಂಟೆಗೆ ಮಳೆ’ ಅಂತ ತೋರಿಸುವ ಚಿತ್ರ ನೋಡಿ ಕಾರ್ಯಕ್ರಮ ಹಾಕಿಕೊಳ್ಳಬೇಡಿ. ಮುಂಭಾಗದ ಗೆರೆ ಆರು ಗಂಟೆ ತಡವಾದರೂ ಆ ಚಿತ್ರವೆಲ್ಲ ಸುಳ್ಳು. ಸುರಿತಗಳ ದಿನವಂತೂ ನಿಮ್ಮ ಬೀದಿಗೆ ಬರುತ್ತದಾ ಪಕ್ಕದ ಬೀದಿಗಾ ಅಂತ ಯಾರೂ ಹಿಂದಿನ ದಿನ ಹೇಳಲಾರರು. ಮಳೆ ರೇಡಾರ್ ನೋಡಿ.

ಕಾರು ಓಡಿಸುವವರಿಗೆ?

ಅತಿ ಕೆಟ್ಟದ್ದು ಹಿಮವಲ್ಲ, ಕಣ್ಣಿಗೆ ಕಾಣದ ತೆಳು ಮಂಜುಗಡ್ಡೆ. ಶುಕ್ರವಾರದ ಸಂಜೆಯ ಲೆಕ್ಕ ನೋಡಿ: ಹಗಲು ಸುರಿತ ಬಂದು ರಸ್ತೆ ಒದ್ದೆ, ಸಂಜೆ ಆಕಾಶ ತೆರೆಯಿತು, ಗಾಳಿ ನಿಂತಿತು. ಗಾಳಿಯ ತಾಪಮಾನ 3 ಡಿಗ್ರಿ ಅಂತ ಡ್ಯಾಶ್‌ಬೋರ್ಡ್ ತೋರಿಸುವಾಗಲೇ ರಸ್ತೆಯ ಮೈ ಸೊನ್ನೆ ಮುಟ್ಟಿರಬಹುದು. ಸೇತುವೆಗೆ ಕೆಳಗಿನಿಂದಲೂ ಗಾಳಿ ತಗಲುವುದರಿಂದ ಅದು ಮೊದಲು ಹೆಪ್ಪುಗಟ್ಟುತ್ತದೆ. ಮರದ ನೆರಳಿನ ತಿರುವು ಮಧ್ಯಾಹ್ನವೂ ಕರಗಿರುವುದಿಲ್ಲ.

ಮುಖ್ಯ ರಸ್ತೆಗಳಿಗೆ ರಾತ್ರಿ ಉಪ್ಪು ಹಾಕುತ್ತಾರೆ. ಆ ಲಾರಿಗಳು ಎಲ್ಲಿವೆ ಅಂತ ಟ್ರಾಫಿಕ್ ಸ್ಕಾಟ್ಲೆಂಡ್ ನಕ್ಷೆಯಲ್ಲಿ ನೋಡಬಹುದು. ಅವಕ್ಕೆ ‘ಗ್ರಿಟ್ಟಿ ಗ್ರಿಟ್ಟಿ ಬ್ಯಾಂಗ್ ಬ್ಯಾಂಗ್’, ‘ಸರ್ ಸಾಲ್ಟರ್ ಸ್ಕಾಟ್’ ಅಂತೆಲ್ಲ ಹೆಸರಿದೆ, ನೋಡುತ್ತ ಕೂತರೆ ಹೊತ್ತು ಹೋಗುತ್ತದೆ. ಆದರೆ ಉಪ್ಪು ಮಂತ್ರವಲ್ಲ. ಜೋರು ಮಳೆ ಬಂದರೆ ತೊಳೆದು ಹೋಗುತ್ತದೆ, ಮೈನಸ್ 7, ಮೈನಸ್ 8ರ ಕೆಳಗೆ ಅದರ ಆಟ ಹೆಚ್ಚು ನಡೆಯುವುದಿಲ್ಲ. ಒಳರಸ್ತೆಗಳಿಗೆ ಎಷ್ಟೋ ಸಲ ಹಾಕುವುದೇ ಇಲ್ಲ.

ಎತ್ತರದ ಘಾಟಿಗಳಲ್ಲಿ ರಸ್ತೆಗೆ ಅಡ್ಡ ಗೇಟುಗಳಿವೆ. ಎ939 ರಸ್ತೆಯ ಕಾಕ್‌ಬ್ರಿಜ್–ಟೊಮಿಂಟೌಲ್ ಭಾಗ ಇದಕ್ಕೆ ಹೆಸರುವಾಸಿ. 670 ಮೀಟರ್ ಎತ್ತರದ ಕೇರ್ನ್‌ವೆಲ್ ಘಾಟಿಯ ಎ93ರದ್ದೂ ಇದೇ ಕಥೆ. ಗೇಟ್ ಮುಚ್ಚಿದ್ದರೆ ಮುಚ್ಚಿದೆ ಅಷ್ಟೇ, ಪಕ್ಕದಿಂದ ನುಸುಳುವ ದಾರಿ ಹುಡುಕಬೇಡಿ. ಪಶ್ಚಿಮದಲ್ಲಿ ಹಿಮಕ್ಕಿಂತ ಗುಡ್ಡ ಕುಸಿಯುವ ಕಾಟ. ಎ83ರ ‘ರೆಸ್ಟ್ ಅಂಡ್ ಬಿ ಥ್ಯಾಂಕ್‌ಫುಲ್’ ಘಾಟಿ ಜೋರು ಮಳೆಗೆ ಹಲವು ಸಲ ಮುಚ್ಚಿದೆ.

ಮುಸ್ಸಂಜೆ ಜಿಂಕೆಗಳ ಬಗ್ಗೆ ಜಾಗ್ರತೆ. ಬೆಟ್ಟದಲ್ಲಿ ಚಳಿ ಏರಿದ ಹಾಗೆ ಕೆಂಪು ಜಿಂಕೆಗಳು ರಸ್ತೆ ಮಟ್ಟಕ್ಕೆ ಇಳಿಯುತ್ತವೆ. ಒಂದು ದಾಟಿತು ಅಂದರೆ ಹಿಂದೆ ಇನ್ನೊಂದು ಇದೆ ಅಂತಲೇ ತಿಳಿಯಿರಿ. ಬೆಳಗ್ಗೆ ಗಾಜಿನ ಮೇಲಿನ ಮಂಜುಗಡ್ಡೆಗೆ ಕುದಿನೀರು ಹುಯ್ಯಬೇಡಿ, ಗಾಜು ಸೀಳುತ್ತದೆ. ಪೂರ್ತಿ ಕೆರೆದೇ ಹೊರಡಬೇಕು. ನೋಡಲು ಸಣ್ಣ ಕಿಂಡಿ ಮಾಡಿಕೊಂಡು ಓಡಿಸುವುದು ಕಾನೂನಿಗೂ ವಿರುದ್ಧ.

ರೈಲು, ಹಡಗು?

ದ್ವೀಪಗಳಿಗೆ ಹೋಗುವ ಕ್ಯಾಲ್‌ಮ್ಯಾಕ್ ಹಡಗುಗಳು ಗಾಳಿಗೆ ರದ್ದಾಗುವುದು ಮಾಮೂಲು. ವಾಪಸ್ ವಿಮಾನ ಹಿಡಿಯುವ ಹಿಂದಿನ ದಿನವನ್ನು ದ್ವೀಪದಲ್ಲಿ ಕಳೆಯಬೇಡಿ. ರೈಲುಗಳು ಜೋರು ಗಾಳಿಮಳೆಯಲ್ಲಿ ನಿಧಾನವಾಗುತ್ತವೆ ಅಥವಾ ನಿಲ್ಲುತ್ತವೆ.

ಏನು ಹಾಕಿಕೊಳ್ಳಬೇಕು? ಕೊಡೆ ತರಲಾ?

ಕೊಡೆ ಬೇಡ. ಮಳೆ ಇಲ್ಲಿ ಅಡ್ಡಡ್ಡ ಬರುತ್ತದೆ, ಕೊಡೆ ಮೊದಲ ದಿನವೇ ತಿರುಚಿಕೊಂಡು ಕಸದ ಡಬ್ಬಿ ಸೇರುತ್ತದೆ. ಟೋಪಿ ಇರುವ ಒಳ್ಳೆಯ ಮಳೆ ಜಾಕೆಟ್, ಮಳೆ ಪ್ಯಾಂಟು, ಒಳಗೆ ಉಣ್ಣೆಯ ತೆಳು ಪದರ ಎರಡು. ದಪ್ಪ ಕೋಟು ಒಂದಕ್ಕಿಂತ ತೆಳು ಪದರಗಳು ಮೇಲು, ದಿನಕ್ಕೆ ನಾಲ್ಕು ಸಲ ತೆಗೆದು ಹಾಕಬೇಕಾಗುತ್ತದಲ್ವಾ. ಜೀನ್ಸ್ ಒದ್ದೆಯಾದರೆ ಒಣಗುವುದೇ ಇಲ್ಲ. ಕೈಗವಸು ಎರಡು ಜೊತೆ.

ಉತ್ತರದ ಬೆಳಕು, ಅಂದರೆ ರಾತ್ರಿ ಆಕಾಶದಲ್ಲಿ ಹೊಳೆಯುವ ಅರೋರಾ, ಕಾಣುತ್ತದಾ?

ರಾತ್ರಿ ಉದ್ದ, ಹಾಗಾಗಿ ಅವಕಾಶ ಇದೆ. ಸೂರ್ಯನ ಕಡೆಯಿಂದ ಚಟುವಟಿಕೆ ಬೇಕು, ಇಲ್ಲಿ ಮೋಡ ಇರಬಾರದು, ಉತ್ತರಕ್ಕೆ ಊರಿನ ದೀಪ ಇರಬಾರದು. ಗಾಳಿ ವಾಯವ್ಯಕ್ಕೆ ತಿರುಗಿ ಸುರಿತಗಳ ನಡುವೆ ಆಕಾಶ ತೆರೆಯುವ ರಾತ್ರಿ ಮೊರೇ ಕರಾವಳಿ ಒಳ್ಳೆಯ ಜಾಗ, ಬೆಟ್ಟಗಳ ಮರೆ ಇರುವುದರಿಂದ ಮೋಡ ಕಡಿಮೆ. ಬರಿಗಣ್ಣಿಗೆ ಬಹಳ ಸಲ ಬೂದುಬಣ್ಣದ ಕಮಾನು ಮಾತ್ರ ಕಾಣುತ್ತದೆ. ಹಸಿರು ಬಣ್ಣ ಕಣ್ಣಿಗಿಂತ ಫೋನಿನ ಕ್ಯಾಮೆರಾಗೇ ಜಾಸ್ತಿ ಕಾಣುತ್ತದೆ.

ಬೆನ್ ನೆವಿಸ್ ಹತ್ತಬಹುದಾ?

ಚಳಿಗಾಲದ ಬೆಟ್ಟ ಹತ್ತಿ ಅಭ್ಯಾಸವಿಲ್ಲದಿದ್ದರೆ ಈ ವಾರ ಬೇಡ. ಬೇಸಿಗೆಯ ಫೋಟೊ ನೋಡಿ ಹೊರಡುವವರೇ ಜಾಸ್ತಿ. ಮೇಲೆ ಹಿಮ, ಮಂಜುಗಡ್ಡೆ, ಮೋಡದೊಳಗೆ ಹತ್ತು ಹೆಜ್ಜೆ ಮುಂದೆ ಕಾಣದ ಸ್ಥಿತಿ, ಪಕ್ಕದಲ್ಲೇ ಉತ್ತರದ ಕಡಿದಾದ ಪ್ರಪಾತ. ಹತ್ತಿ ಇಳಿಯಲು ಬೇಕಾದಷ್ಟು ಹೊತ್ತು ಬೆಳಕೂ ಇರುವುದಿಲ್ಲ.

1883ರಿಂದ 1904ರವರೆಗೆ ಆ ತುದಿಯಲ್ಲಿ ಒಂದು ಹವಾಮಾನ ವೀಕ್ಷಣಾಲಯವೇ ಇತ್ತು. ಜನ ಅಲ್ಲೇ ಉಳಿದು ಹಗಲು ರಾತ್ರಿ ಗಂಟೆಗಂಟೆಗೂ ಅಳತೆ ಬರೆದಿಡುತ್ತಿದ್ದರು. 1894ರಲ್ಲಿ ಅಲ್ಲಿ ಕೆಲವು ವಾರ ಕೆಲಸ ಮಾಡಿದ ವಿಜ್ಞಾನಿ ಸಿ.ಟಿ.ಆರ್. ವಿಲ್ಸನ್, ಮೋಡದ ಮೇಲೆ ಬಿಸಿಲು ಮೂಡಿಸುವ ಬಣ್ಣದ ಉಂಗುರಗಳನ್ನು ಕಂಡು, ಅದನ್ನು ಪ್ರಯೋಗಾಲಯದಲ್ಲಿ ಮಾಡಿ ನೋಡಲು ಹೊರಟು, ಕೊನೆಗೆ ಪರಮಾಣುವಿಗಿಂತ ಚಿಕ್ಕ ಕಣಗಳ ಜಾಡು ತೋರಿಸುವ ಕ್ಲೌಡ್ ಚೇಂಬರ್ ಕಟ್ಟಿದರು. 1927ರಲ್ಲಿ ನೊಬೆಲ್ ಬಂತು. ಅವರಿದ್ದದ್ದು ಸೆಪ್ಟೆಂಬರಿನಲ್ಲಿ ಅನ್ನುವುದನ್ನು ಮರೆಯಬೇಡಿ.

ಪೂರ್ವದ ಕಡೆಯ ಕೇರ್ನ್‌ಗಾರ್ಮ್ ಬೆಟ್ಟದ ತುದಿಯಲ್ಲಿ 1986ರ ಮಾರ್ಚಿನಲ್ಲಿ ಗಂಟೆಗೆ 173 ಮೈಲಿ ವೇಗದ ಗಾಳಿ ದಾಖಲಾಗಿದೆ. ಊರಿನ ಮುನ್ಸೂಚನೆ ನೋಡಿ ಬೆಟ್ಟಕ್ಕೆ ಹೋಗಬೇಡಿ, ಬೆಟ್ಟಗಳಿಗೇ ಬೇರೆ ಮುನ್ಸೂಚನೆ ಇದೆ. ಹೋಗಲೇಬೇಕು ಅಂದರೆ ಗೈಡ್ ಜೊತೆ ಹೋಗಿ. ತಲೆಗೆ ಕಟ್ಟುವ ಟಾರ್ಚ್, ಕಾಗದದ ನಕ್ಷೆ, ದಿಕ್ಸೂಚಿ ಇರಲಿ, ಎಷ್ಟು ಗಂಟೆಗೆ ವಾಪಸ್ ಬರುತ್ತೀರಿ ಅಂತ ಯಾರಿಗಾದರೂ ಹೇಳಿ ಹೊರಡಿ. ಸಿಕ್ಕಿಹಾಕಿಕೊಂಡರೆ 999ಕ್ಕೆ ಫೋನ್ ಮಾಡಿ ಮೊದಲು ಪೊಲೀಸ್ ಕೇಳಿ, ಆಮೇಲೆ ಮೌಂಟನ್ ರೆಸ್ಕ್ಯೂ ಅನ್ನಿ. ರಕ್ಷಣಾ ತಂಡದಲ್ಲಿ ಹೆಚ್ಚಿನವರು ಸ್ವಯಂಸೇವಕರು. ನಿಮ್ಮಿಂದ ದುಡ್ಡು ತೆಗೆದುಕೊಳ್ಳುವುದಿಲ್ಲ.